ಅಡುಗೆ ಈಗಷ್ಟೇ ಶುರು ಮಾಡಿದ್ದೀನಿ, ಕಲಿಯೋ ಆಸೆ ಇರೋದು ಎಂಟು: ಯಾವುದು ಮೊದಲು?

ಹೊಸ_ಬಾಣಲೆ:
ಎಲ್ಲರಿಗೂ ನಮಸ್ಕಾರ. ಕೆಲಸದ ಸಲುವಾಗಿ ಮೊದಲ ಸಲ ಒಬ್ಬಳೇ ಮನೆ ಮಾಡಿಕೊಂಡಿದ್ದೀನಿ. ಮೂರು ತಿಂಗಳು ಹೊರಗಡೆ ತಿಂದೂ ತಿಂದೂ ನಾಲಿಗೆ ಸತ್ತುಹೋಗಿದೆ. ಇನ್ನು ಅಡುಗೆ ಕಲೀಲೇಬೇಕು ಅಂತ ಕೂತು ಪಟ್ಟಿ ಮಾಡಿದೆ: ಉದುರುದುರಾದ ಅನ್ನ, ಹಳದಿ ಮೆತ್ತಗಿರೋ ಬೇಯಿಸಿದ ಮೊಟ್ಟೆ, ತಳ ಹಿಡಿಯದ ಆಮ್ಲೆಟ್, ತರಕಾರಿ ಸೂಪ್, ರಾಜ್ಮಾ, ಗರಿಗರಿ ಆಲೂಗಡ್ಡೆ, ಚಿಕನ್, ಬ್ರೆಡ್.

ಆಸೆ ತಡೆಯೋಕಾಗದೆ ಬ್ರೆಡ್ಡನ್ನೇ ಮೊದಲು ಮಾಡಿದೆ. ಈಸ್ಟ್ ಬೇಗ ಕೆಲಸ ಮಾಡಲಿ ಅಂತ ಕುದಿಯೋ ನೀರು ಹಾಕಿ ಹಿಟ್ಟು ಕಲಸಿದೆ. ಮೂರು ಗಂಟೆ ಕಾದ್ರೂ ಹಿಟ್ಟು ಇಟ್ಟ ಹಾಗೇ ಇತ್ತು. ಬೇಕ್ ಮಾಡಿ ಹೊರಗೆ ತೆಗೆದರೆ ಚಾಕು ಇಳೀಲಿಲ್ಲ. ಆ ರಾತ್ರಿ ತುಂಬಾ ಬೇಜಾರಾಯ್ತು.

ಮುಂದಿನ ತಿಂಗಳು ಅಮ್ಮ ಬರ್ತಿದ್ದಾರೆ. ಇಷ್ಟು ವರ್ಷ ಅವರು ಬಡಿಸಿದ್ದನ್ನೇ ಉಂಡಿದ್ದೀನಿ. ಒಂದು ಹೊತ್ತಾದ್ರೂ ಅವರನ್ನ ಕೂರಿಸಿ ನಾನು ಬಡಿಸಬೇಕು. ಐದು ವಾರ ಇದೆ. ಎಲ್ಲಿಂದ ಶುರು ಮಾಡಲಿ?

ನಿಧಾನ_ಉರಿ:
ಬೇಜಾರು ಮಾಡ್ಕೋಬೇಡಿ. ತಪ್ಪು ನಿಮ್ಮ ಕೈಯದ್ದಲ್ಲ, ನೀರಿನ ಬಿಸಿಯದ್ದು. ಈಸ್ಟ್ ಜೀವ ಇರೋ ಪದಾರ್ಥ. 55–60 ಡಿಗ್ರಿ ಸೆಲ್ಸಿಯಸ್ ದಾಟಿತು ಅಂದ್ರೆ ಸತ್ತೇ ಹೋಗತ್ತೆ. ಬೆರಳು ಅದ್ದಿದ್ರೆ ಹಿತವಾಗಿ ಬೆಚ್ಚಗಿರಬೇಕು, ಅಷ್ಟೇ. 35–40 ಡಿಗ್ರಿ ಸಾಕು.

ಆದ್ರೆ ಬ್ರೆಡ್ ಮೊದಲು ಬೇಡ. ಅದು ಕಷ್ಟ ಅಂತಲ್ಲ. ಬ್ರೆಡ್ಡಿನಲ್ಲಿ ಒಂದು ತಪ್ಪು ತಿಳಿಯೋಕೆ ಅರ್ಧ ದಿನ ಹೋಗತ್ತೆ, ಮೊಟ್ಟೆಯಲ್ಲಿ ಹತ್ತು ನಿಮಿಷಕ್ಕೆ ಗೊತ್ತಾಗತ್ತೆ. ಐದು ವಾರದಲ್ಲಿ ಎಷ್ಟು ಸಲ ಮಾಡಿ ನೋಡಬಹುದು ಅನ್ನೋದರ ಮೇಲೆ ಆರಿಸಿಕೊಳ್ಳಿ.

ಸೌಟು_ಸವಿ:
ಮೊಟ್ಟೆ. ಕಣ್ಣು ಮುಚ್ಕೊಂಡು ಮೊಟ್ಟೆಯಿಂದ ಶುರು ಮಾಡಿ.

ಗಂಜಿ_ಪ್ರಿಯ:
ನಾನು ಒಪ್ಪಲ್ಲ. ಅನ್ನ ಮೊದಲು. ದಿನಾ ಹೊಟ್ಟೆಗೆ ಬೀಳೋದನ್ನ ಮೊದಲು ಕಲೀಬೇಕು. ಅಕ್ಕಿನ ಮೂರ್ನಾಲ್ಕು ನೀರು ತೊಳೀರಿ, ಮೇಲಿನ ಪಿಷ್ಟ ಹೋಗಲಿ. ಇಲ್ಲಾಂದ್ರೆ ಅಗುಳು ಅಗುಳಿಗೆ ಅಂಟತ್ತೆ. ಒಂದು ಕಪ್ ಅಕ್ಕಿಗೆ ಎರಡು ಕಪ್ ನೀರು, ಕುದಿ ಬಂದ ಮೇಲೆ ಸಣ್ಣ ಉರಿ, ಮುಚ್ಚಳ ತೆಗೀಬಾರದು. ಒಲೆ ಆರಿಸಿದ ಮೇಲೆ ಹತ್ತು ನಿಮಿಷ ಹಾಗೇ ಬಿಡಿ. ಎಲ್ಲರೂ ತಪ್ಪೋದು ಇಲ್ಲೇ. ತಕ್ಷಣ ಸೌಟು ಹಾಕಿ ಕೆದಕಿದರೆ ಬಿಸಿ ಅಗುಳು ಮುರಿದು ಮುದ್ದೆ ಆಗತ್ತೆ.

ಹುಬ್ಬಿನ_ಬೆವರು:
ನೋಡ್ರಿ, ಒಂದಕ್ಕ ಎರಡು ಅನ್ನೋ ಲೆಕ್ಕ ಎಲ್ಲಾ ಕಡೆ ಹೊಂದೂದಿಲ್ಲ. ಅಕ್ಕಿ ತಾನು ಕುಡಿಯೂದು ಹೆಚ್ಚು ಕಮ್ಮಿ ತನ್ನ ಅಳತಿಯಷ್ಟ ನೀರು. ಉಳಿದದ್ದು ಉಗಿ ಆಗಿ ಹೋಗತೈತಿ. ಆ ಉಗಿ ಪಾತ್ರಿ ಬಾಯಿ ಎಷ್ಟು ಅಗಲ, ಮುಚ್ಚಳ ಎಷ್ಟು ಬಿಗಿ ಅನ್ನೂದರ ಮ್ಯಾಲೆ ಇರತೈತಿ, ಅಕ್ಕಿ ಎಷ್ಟು ಅನ್ನೂದರ ಮ್ಯಾಲೆ ಅಲ್ಲ. ಅದಕ್ಕ ಒಂದು ಕಪ್ಪಿಗೆ ಎರಡು ಕಪ್ ನೀರು ಸರಿ ಬಂತು ಅಂತ ನಾಲ್ಕು ಕಪ್ಪಿಗೆ ಎಂಟು ಸುರದ್ರ ಅನ್ನ ಹಸುಗೂಸಿಗೆ ಉಣ್ಣಿಸೂ ಹಂಗ ಆಗತೈತಿ. ನೆಂಟರು ಬಂದಾಗ ಅನ್ನ ಕೆಡೂದಕ್ಕ ಇದ ಕಾರಣ.

ಗಂಜಿ_ಪ್ರಿಯ:
ಇದು ನನಗೆ ಗೊತ್ತಿರಲಿಲ್ಲ. ಹಬ್ಬದ ದಿನ ನಮ್ಮ ಮನೇಲಿ ಅನ್ನ ಯಾಕೆ ಮೆತ್ತಗಾಗತ್ತೆ ಅಂತ ಈಗ ಹೊಳೀತು. ಹಾಗಿದ್ರೆ ನಾಲ್ಕು ಕಪ್ಪಿಗೆ ಎಷ್ಟು ಹಾಕ್ತೀರಿ?

ಹುಬ್ಬಿನ_ಬೆವರು:
ನನ್ನ ಪಾತ್ರಿಗೆ ಐದು, ಐದೂವರಿ ಸಾಕು. ನಿಮ್ಮ ಪಾತ್ರಿ ನೀವ ನೋಡಿ ತಿಳಕೋಬೇಕ್ರಿ. ಅಕ್ಕಿ ಹಳೇದಿದ್ರ ಇನ್ನೊಂಚೂರು ಜಾಸ್ತಿ ಕೇಳತೈತಿ.

ಬೆಟ್ಟದ_ಗಾಳಿ:
ಎತ್ತರದ ಜಾಗದಲ್ಲಿ ಇರೋರಿಗೆ ಒಂದು ಮಾತು. ಪ್ರತಿ 300 ಮೀಟರ್ ಮೇಲೆ ಹೋದ ಹಾಗೆ ನೀರು ಕುದಿಯೋ ಬಿಂದು ಸುಮಾರು 1 ಡಿಗ್ರಿ ಇಳಿಯತ್ತೆ. 1500 ಮೀಟರ್ ಎತ್ತರದಲ್ಲಿ 95 ಡಿಗ್ರಿಗೇ ನೀರು ಕುದಿಯತ್ತೆ. ಅನ್ನ, ಮೊಟ್ಟೆ, ಕಾಳು ಎಲ್ಲಕ್ಕೂ ಜಾಸ್ತಿ ಹೊತ್ತು ಬೇಕು. ಬೇರೆಯವರು ಹೇಳಿದ ನಿಮಿಷ ನಂಬಿ ನಾನು ಎರಡು ವರ್ಷ ಅರೆಬೆಂದದ್ದು ತಿಂದಿದ್ದೀನಿ.

ಸೌಟು_ಸವಿ:
ಮೊಟ್ಟೆ ಅಂದೆನಲ್ಲ, ವಿವರವಾಗಿ ಹೇಳ್ತೀನಿ. ಆರು ಮೊಟ್ಟೆ ಒಟ್ಟಿಗೆ ಕುದಿಯೋ ನೀರಿಗೆ ನಿಧಾನವಾಗಿ ಬಿಡಿ. ಆರನೇ ನಿಮಿಷಕ್ಕೆ ಒಂದು, ಏಳಕ್ಕೆ ಒಂದು, ಎಂಟಕ್ಕೆ ಒಂದು, ಹೀಗೆ ಹನ್ನೊಂದರ ತನಕ ಒಂದೊಂದೇ ತೆಗೆದು ತಣ್ಣೀರಿಗೆ ಹಾಕಿ. ಪೆನ್ಸಿಲಲ್ಲಿ ಚಿಪ್ಪಿನ ಮೇಲೆ ನಿಮಿಷ ಬರೀರಿ. ಆಮೇಲೆ ಸಾಲಾಗಿ ಕತ್ತರಿಸಿ ನೋಡಿ. ಆರರದ್ದರಲ್ಲಿ ಹಳದಿ ಹರಿಯತ್ತೆ. ಎಂಟರದ್ದು ಜೇನಿನ ಹಾಗೆ ದಪ್ಪ. ಹತ್ತಕ್ಕೆ ಗಟ್ಟಿ, ಆದ್ರೂ ನಡುವೆ ಒಂದಿಷ್ಟು ತೇವ ಇರತ್ತೆ. ಇದನ್ನ ಒಂದು ಸಲ ಕಣ್ಣಾರೆ ನೋಡಿದ್ರೆ ಜೀವಮಾನ ಮರೆಯಲ್ಲ. ಬಿಳಿ ಭಾಗ 62 ಡಿಗ್ರಿ ಹತ್ತಿರ ಹೆಪ್ಪುಗಟ್ಟೋಕೆ ಶುರುವಾಗತ್ತೆ, ಹಳದಿ ಅದಕ್ಕಿಂತ ಸ್ವಲ್ಪ ಮೇಲೆ. ಅದಕ್ಕೇ ಒಂದೊಂದು ನಿಮಿಷಕ್ಕೂ ಅಷ್ಟು ವ್ಯತ್ಯಾಸ.

ಇನ್ನೊಂದು, ತೀರಾ ತಾಜಾ ಮೊಟ್ಟೆ ಸಿಪ್ಪೆ ಬಿಡಲ್ಲ. ವಾರ ಕಳೆದದ್ದು ಸಲೀಸಾಗಿ ಬಿಡತ್ತೆ.

ಪುಟ್ಟ_ಒಲೆ:
ನಾನು ಬೇಯಿಸಿದ್ರೆ ಹಳದಿ ಸುತ್ತ ಹಸಿರು ಬಳೆ ಬರತ್ತಲ್ಲ, ಕೆಟ್ಟ ಮೊಟ್ಟೆನಾ ಅದು?

ಸೌಟು_ಸವಿ:
ಅಲ್ಲ. ಜಾಸ್ತಿ ಬೇಯಿಸಿದ್ದೀರಿ. ಹಳದಿಯ ಕಬ್ಬಿಣದಂಶ, ಬಿಳಿಯ ಗಂಧಕ ಸೇರಿ ಆ ಬಣ್ಣ. ತಿನ್ನಬಹುದು. ಬೆಂದ ತಕ್ಷಣ ತಣ್ಣೀರಿಗೆ ಹಾಕಿದ್ರೆ ಬರಲ್ಲ.

ಈರುಳ್ಳಿ_ಕಣ್ಣೀರು:
ಯಾರಾದ್ರೂ ಈ ಮಾತು ಗಟ್ಟಿಯಾಗಿ ಹೇಳ್ಲೇಬೇಕು. “ಈರುಳ್ಳಿನ ಐದು ನಿಮಿಷ ಹುರಿದು ಕಂದು ಬಣ್ಣಕ್ಕೆ ತನ್ನಿ” ಅಂತ ಬರೆಯೋರೆಲ್ಲ ಹೊಸಬರಿಗೆ ಅನ್ಯಾಯ ಮಾಡ್ತಿದ್ದಾರೆ! ಐದು ನಿಮಿಷಕ್ಕೆ ಈರುಳ್ಳಿ ಬಾಡತ್ತೆ, ಅಷ್ಟೇ. ಒಳಗಿನ ಸಿಹಿ ಹೊರಬಂದು, ಮುಟ್ಟಿದ್ರೆ ಕರಗೋ ಹಾಗೆ ಕಂದಾಗೋಕೆ ಸಣ್ಣ ಉರಿಯಲ್ಲಿ 40–45 ನಿಮಿಷ ಬೇಕು. ಕಲಿಯೋ ಹೊತ್ತಲ್ಲಿ ನಾನು ಐದು ನಿಮಿಷ ಅನ್ನೋದನ್ನ ನಂಬಿ ಉರಿ ಏರಿಸಿ ಏರಿಸಿ ಸೀದುಹಾಕ್ತಿದ್ದೆ. ನನ್ನ ಕೈಗುಣವೇ ಸರಿಯಿಲ್ಲ ಅಂದ್ಕೊಂಡು ಒಂದು ವರ್ಷ ಅಡುಗೆಮನೆ ಕಡೆ ತಲೆ ಹಾಕಲಿಲ್ಲ. ಆ ವರ್ಷ ಸುಮ್ಮನೆ ಹೋಯ್ತು.

ಪುಟ್ಟ_ಒಲೆ:
ಅಕ್ಕಾ, ಹೆಚ್ಚುವಾಗ ಕಣ್ಣೀರು ಬರದೇ ಇರೋಕೆ ಏನು ಮಾಡೋದು? ಹೆಸರಲ್ಲೇ ಇದೆಯಲ್ಲ ಅಂತ ಕೇಳ್ದೆ.

ಈರುಳ್ಳಿ_ಕಣ್ಣೀರು:
ಚಾಕು ಹರಿತ ಮಾಡ್ಕೋ ಪುಟ್ಟಾ. ಮೊಂಡು ಚಾಕು ಈರುಳ್ಳಿನ ಜಜ್ಜತ್ತೆ, ಜಜ್ಜಿದಷ್ಟೂ ಕಣ್ಣು ಉರಿಸೋ ಆವಿ ಜಾಸ್ತಿ ಏಳತ್ತೆ. ಅರ್ಧ ಗಂಟೆ ಫ್ರಿಜ್ಜಲ್ಲಿಟ್ಟು ಹೆಚ್ಚಿದ್ರೆ ಆವಿನೂ ಕಮ್ಮಿ. ಮೊಂಡು ಚಾಕುನೇ ಜಾಸ್ತಿ ಕೈ ಕುಯ್ಯೋದು, ಜಾರತ್ತೆ ಅದು. ಬೆರಳ ತುದಿ ಒಳಗೆ ಮಡಚಿ, ಗೆಣ್ಣು ಚಾಕುವಿನ ಪಕ್ಕಕ್ಕೆ ತಾಗೋ ಹಾಗೆ ಹಿಡಿ.

ಹೊಸ_ಬಾಣಲೆ:
ಇಷ್ಟೊಂದು ಜನ ಉತ್ತರ ಕೊಟ್ಟಿದ್ದು ನೋಡಿ ಖುಷಿ ಆಯ್ತು. ಇವತ್ತು ಸಂಜೆ ಆರು ಮೊಟ್ಟೆ ತಂದು ಹೇಳಿದ ಹಾಗೇ ಮಾಡಿದೆ. ತಟ್ಟೆಯಲ್ಲಿ ಹನ್ನೆರಡು ಅರ್ಧಗಳು ಸಾಲಾಗಿ ಕೂತಿದ್ವು. ಎಡಗಡೆಯದ್ದು ಕತ್ತರಿಸಿದ ಕೂಡಲೇ ತಟ್ಟೆಗೆ ಹರೀತು, ಬಲಗಡೆಯದ್ದು ಪುಡಿಪುಡಿ. ನನಗೆ ಬೇಕಾದದ್ದು ಏಳೂವರೆ ನಿಮಿಷ ಅಂತ ಗೊತ್ತಾಯ್ತು.

ಆಮ್ಲೆಟ್ ಮಾತ್ರ ಸ್ಟೀಲ್ ಬಾಣಲೆಗೆ ಅಂಟಿ ಚೂರುಚೂರಾಯ್ತು. ನಾನ್‌ಸ್ಟಿಕ್ ತಗೊಳ್ಳಲೇಬೇಕಾ?

ಲೋಹದ_ಮಾತು:
ಬೇಡ. ಖಾಲಿ ಬಾಣಲೆ ಬಿಸಿಗಿಟ್ಟು ಒಂದು ಹನಿ ನೀರು ಹಾಕಿ. ಚುಯ್ ಅಂತ ಆವಿಯಾದ್ರೆ ಇನ್ನೂ ಬಿಸಿ ಸಾಲದು. ಹನಿ ಪಾದರಸದ ಹಾಗೆ ಗುಂಡಗಾಗಿ ಓಡಾಡಿದ್ರೆ ಆಯ್ತು. ಹನಿಯ ಕೆಳಗೆ ಅದರದ್ದೇ ಆವಿಯ ಪದರ ಹುಟ್ಟಿ ಅದನ್ನ ಎತ್ತಿ ಹಿಡಿಯತ್ತೆ. 1756ರಲ್ಲಿ ಲೈಡನ್‌ಫ್ರಾಸ್ಟ್ ಅನ್ನೋ ಜರ್ಮನ್ ವೈದ್ಯ ಇದನ್ನ ವಿವರಿಸಿ ಬರೆದ, ಅವನ ಹೆಸರಲ್ಲೇ ಕರೀತಾರೆ. ಆಮೇಲೆ ಎಣ್ಣೆ, ಆಮೇಲೆ ಮೊಟ್ಟೆ.

ಸೌಟು_ಸವಿ:
ತಡೀರಿ, ಇದು ಅರ್ಧ ಸರಿ. ಹನಿ ಓಡಾಡೋ ಹೊತ್ತಿಗೆ ಬಾಣಲೆ 190 ಡಿಗ್ರಿ ಆಸುಪಾಸು ಇರತ್ತೆ. ಆ ಬಿಸಿಗೆ ಮೊಟ್ಟೆ ಹಾಕಿದ್ರೆ ತಳ ಚರ್ಮದ ಹಾಗಾಗತ್ತೆ. ಹೊಸಬರಿಗೆ ಹೀಗೆ ಅರ್ಧ ಹೇಳಿ ಬಿಡಬಾರದು.

ಲೋಹದ_ಮಾತು:
ಒಪ್ಪಿದೆ, ಬಿಟ್ಟುಹೋಯ್ತು. ಹನಿ ಓಡಾಡಿದ ಮೇಲೆ ಉರಿ ತಗ್ಗಿಸಿ ಒಂದು ನಿಮಿಷ ಬಿಟ್ಟು, ಬೆಣ್ಣೆ ಹಾಕಿ. ಬೆಣ್ಣೆ ನೊರೆ ಬಂದು, ಕಪ್ಪಾಗದೆ, ನೊರೆ ಇಳಿಯೋ ಹೊತ್ತು ನೋಡಿ ಮೊಟ್ಟೆ ಸುರೀರಿ. ಹಾಕಿದ ತಕ್ಷಣ ಕೆದಕಬೇಡಿ. ತಳ ಕಟ್ಟಿದ ಮೇಲೆ ತಾನಾಗೇ ಬಿಡತ್ತೆ.

ಕಡಲ_ಉಪ್ಪು:
ಚಿಕನ್ ಬಗ್ಗೆ ಯಾರೂ ಮಾತಾಡ್ಲಿಲ್ಲ ಮಾರಾಯ್ರೆ. ಮೊದಲು ಚೆನ್ನಾಗಿ ತೊಳೀಲಿಕ್ಕೆ ಹೇಳಿ ಅವರಿಗೆ. ನಾಲ್ಕು ಸಲ ನಲ್ಲಿ ಕೆಳಗೆ ಹಿಡಿದು ತೊಳೆದ್ರೆ ಮಾತ್ರ ಸಮಾಧಾನ.

ನಿಧಾನ_ಉರಿ:
ಇಲ್ಲ ಸರ್, ದಯವಿಟ್ಟು ಹೊಸಬರಿಗೆ ಇದನ್ನ ಹೇಳಬೇಡಿ. ನಲ್ಲಿ ಕೆಳಗೆ ಹಿಡಿದ್ರೆ ಬ್ಯಾಕ್ಟೀರಿಯಾ ಹೋಗಲ್ಲ, ಹನಿಗಳ ಜೊತೆ ಸಿಂಕ್, ಪಕ್ಕದಲ್ಲಿರೋ ತರಕಾರಿ, ನಿಮ್ಮ ಬಟ್ಟೆ ಎಲ್ಲ ಕಡೆ ಹಾರತ್ತೆ. ಅದನ್ನ ಕೊಲ್ಲೋದು ಬಿಸಿ. ದಪ್ಪ ಭಾಗದ ನಡುವೆ 74 ಡಿಗ್ರಿ ಮುಟ್ಟಬೇಕು.

ಕಡಲ_ಉಪ್ಪು:
ತೊಳೆಯದೆ ಬಾಣಲೆಗೆ ಹಾಕುದಾ? ನನ್ನಿಂದ ಸಾಧ್ಯವೇ ಇಲ್ಲ. ಇಷ್ಟು ವರ್ಷ ತೊಳೆದೇ ತಿಂದದ್ದು, ಎಂತ ಆಗ್ಲಿಲ್ಲ.

ನಿಧಾನ_ಉರಿ:
ರೂಢಿ ಬಿಡೋದು ಕಷ್ಟ, ಅರ್ಥ ಆಗತ್ತೆ. ತೊಳೀಲೇಬೇಕು ಅಂದ್ರೆ ಅಗಲ ಪಾತ್ರೆಯಲ್ಲಿ ನಿಂತ ನೀರಿಗೆ ಮುಳುಗಿಸಿ, ಎರಚದ ಹಾಗೆ ತೆಗೀರಿ. ಆಮೇಲೆ ಸಿಂಕ್, ಮಣೆ, ಕೈ ಎಲ್ಲ ಸೋಪು ಹಾಕಿ ತೊಳೀರಿ. ಹಸಿ ಚಿಕನ್ ಹೆಚ್ಚಿದ ಮಣೆ ಮೇಲೇ ಹಸಿಯಾಗಿ ತಿನ್ನೋ ಸೌತೆಕಾಯಿ ಹೆಚ್ಚೋದಂತೂ ಬೇಡವೇ ಬೇಡ. ನಮ್ಮ ಮನೇಲಿ ಒಮ್ಮೆ ಅದರಿಂದಲೇ ಮೂರು ಜನ ಮಲಗಿದ್ದು ಅಂತ ನಾನು ನಂಬಿದ್ದೀನಿ. ಆವತ್ತಿನಿಂದ ಎರಡು ಮಣೆ ಇಟ್ಟಿದ್ದೀನಿ.

ಕಡಲ_ಉಪ್ಪು:
ಎರಡು ಮಣೆ ಒಳ್ಳೇದೇ. ಅದನ್ನು ಮಾಡ್ತೇನೆ.

ಲೋಹದ_ಮಾತು:
ಚಿಕನ್ ವಿಷಯ ಬಂದಾಗ ಹೇಳಿಬಿಡ್ತೀನಿ: ಜೋರು ಉರಿಯಲ್ಲಿ ಹೊರಮೈ ಕೆಂಪಗೆ ಮಾಡಿದ್ರೆ ರಸ ಒಳಗೇ ಉಳಿಯತ್ತೆ ಅನ್ನೋದು ನಿಜ ಅಲ್ಲ. 19ನೇ ಶತಮಾನದಲ್ಲಿ ಲೀಬಿಗ್ ಅನ್ನೋ ಜರ್ಮನ್ ರಸಾಯನಶಾಸ್ತ್ರಜ್ಞ ಹಾಗಂದ, ಇವತ್ತಿಗೂ ಜನ ಹೇಳ್ತಾ ಬಂದಿದ್ದಾರೆ. ಕೆಂಪಗೆ ಮಾಡೋದು ಪರಿಮಳಕ್ಕೆ. 140 ಡಿಗ್ರಿ ದಾಟಿದ ಮೇಲೆ ಅದು ಚೆನ್ನಾಗಿ ನಡೆಯತ್ತೆ. 1912ರಲ್ಲಿ ಮೈಯಾರ್ ಅನ್ನೋ ಫ್ರೆಂಚ್ ವಿಜ್ಞಾನಿ ವಿವರಿಸಿದ ಕ್ರಿಯೆ ಅದು. ಮೈ ಒದ್ದೆ ಇದ್ರೆ ನೀರು ಆರೋ ತನಕ 100 ಡಿಗ್ರಿ ದಾಟಲ್ಲ. ಹಾಗಾಗಿ ತೊಳೆದಿದ್ರೂ ಸರಿ, ತೊಳೆಯದಿದ್ರೂ ಸರಿ, ಬಾಣಲೆಗೆ ಹಾಕೋ ಮುಂಚೆ ಒರೆಸಿ ಒಣಗಿಸಿ.

ಬುಡ_ಬಿಸಿ:
ಅದೇ ಲೆಕ್ಕ ಆಲೂಗಡ್ಡೆಗೂ. ನಾನು ಮಾಡೋ ರೀತಿ: ದೊಡ್ಡ ಹೋಳು, ಎರಡು ಲೀಟರ್ ನೀರಿಗೆ ಉಪ್ಪು ಮತ್ತೆ ಅರ್ಧ ಟೀ ಚಮಚ ಅಡುಗೆ ಸೋಡಾ, ಅದರಲ್ಲಿ ಹತ್ತು ನಿಮಿಷ ಬೇಯಿಸಿ. ಸೋಡಾ ಹೊರಮೈನ ಸ್ವಲ್ಪ ಕರಗಿಸತ್ತೆ. ನೀರು ಬಸಿದು, ಆವಿ ಆರಿದ ಮೇಲೆ ಎಣ್ಣೆ ಹಾಕಿ ಪಾತ್ರೆನ ಜೋರಾಗಿ ಕುಲುಕಿ. ಹೋಳಿನ ಮೇಲೆ ಗಂಜಿ ಬಳಿದ ಹಾಗೆ ಒಂದು ಪದರ ಬರತ್ತೆ. ಅದೇ ಆಮೇಲೆ ಗರಿಗರಿ ಆಗೋದು. ಓವನ್ನಲ್ಲಿ 220–230 ಡಿಗ್ರಿ, ನಡುವೆ ಒಂದು ಸಲ ತಿರುವಿ. ಹೋಳುಗಳು ಒಂದಕ್ಕೊಂದು ತಾಗಬಾರದು. ಕಿಕ್ಕಿರಿದ್ರೆ ಹಬೆಯಲ್ಲಿ ಬೇಯತ್ತೆ, ಹುರಿಯಲ್ಲ.

ಪುಟ್ಟ_ಒಲೆ:
ಬೆಂದ ಆಲೂಗಡ್ಡೆನ ಮಿಕ್ಸಿಗೆ ಹಾಕಿ ಮೆತ್ತಗೆ ಮಾಡೋಕೆ ಹೋದೆ, ಅಂಟಿನ ಹಾಗಾಯ್ತು. ಯಾಕೆ?

ಬುಡ_ಬಿಸಿ:
ಬ್ಲೇಡ್ ಕೋಶಗಳನ್ನ ಸೀಳಿ ಒಳಗಿನ ಪಿಷ್ಟನೆಲ್ಲ ಹೊರಗೆ ತರತ್ತೆ. ಕೈಯಲ್ಲೇ ಹಿಸುಕಬೇಕು.

ಕಾಳು_ಕಟ್ಟು:
ರಾಜ್ಮಾ ಅಂತ ನೋಡಿದೆ. ಇದನ್ನ ಓದದೆ ದಯವಿಟ್ಟು ಯಾರೂ ಮಾಡಬೇಡಿ. ಹಸಿ ರಾಜ್ಮಾದಲ್ಲಿ ಒಂದು ನಂಜಿನಂಶ ಇದೆ. ನಾಲ್ಕೈದು ಹಸಿ ಕಾಳು ತಿಂದ್ರೂ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗಬಹುದು. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಮೊದಲು ಹತ್ತು ನಿಮಿಷ ಕೊತಕೊತ ಕುದಿಸಬೇಕು. ಆಮೇಲೆ ಮೆತ್ತಗಾಗೋ ತನಕ ಬೇಯಿಸಿ. ಕುದಿಯೇ ಬರದ ಹಾಗೆ ಬರೀ ಬೆಚ್ಚಗೆ ಗಂಟೆಗಟ್ಟಲೆ ಇಟ್ಟರೆ ನಂಜು ಇನ್ನೂ ಹೆಚ್ಚತ್ತೆ, ಅದಕ್ಕೇ ಸ್ಲೋ ಕುಕ್ಕರಿಗೆ ಹಸಿ ಕಾಳು ನೇರ ಹಾಕಬಾರದು.

ನೆನೆಸೋ ನೀರಿಗೆ ಉಪ್ಪು ಹಾಕಿ, ಸಿಪ್ಪೆ ಮೆತ್ತಗಾಗತ್ತೆ. ಉಪ್ಪು ಹಾಕಿದ್ರೆ ಕಾಳು ಬೇಯಲ್ಲ ಅನ್ನೋರಿದ್ದಾರೆ, ಅದು ಸರಿಯಲ್ಲ. ಬೇಯದ ಹಾಗೆ ಮಾಡೋದು ಹುಳಿ. ಟೊಮೇಟೊ ಮೊದಲೇ ಹಾಕಿದ್ರೆ ಎಷ್ಟು ಹೊತ್ತು ಕುದಿಸಿದ್ರೂ ಕಾಳು ಗಟ್ಟಿ ಗಟ್ಟಿ.

ಹೊಸ_ಬಾಣಲೆ:
ಅಯ್ಯೋ, ಇದು ಗೊತ್ತೇ ಇರಲಿಲ್ಲ. ಪ್ರೆಶರ್ ಕುಕ್ಕರಲ್ಲಿ ಮಾಡಿದ್ರೆ? ಕುಕ್ಕರ್ ಸೀಟಿ ಹೊಡೆಯೋ ಸದ್ದಿಗೇ ನನಗೆ ಭಯ.

ಲೋಹದ_ಮಾತು:
ಕುಕ್ಕರಲ್ಲಿ ಧಾರಾಳವಾಗಿ ಮಾಡಿ. ಒತ್ತಡಕ್ಕೆ ನೀರು ಸುಮಾರು 120 ಡಿಗ್ರಿ ತನಕ ಹೋಗತ್ತೆ, ಕಾಳು ಪೂರ್ತಿ ಬೆಂದರೆ ನಂಜು ಉಳಿಯಲ್ಲ. ಭಯ ಬೇಡ. ಫ್ರಾನ್ಸಿನ ದೆನಿ ಪಾಪೆನ್ 1679ರಲ್ಲೇ ಇಂಥ ಪಾತ್ರೆ ಮಾಡಿ, ಒತ್ತಡ ಮಿತಿ ಮೀರದ ಹಾಗೆ ಕವಾಟನೂ ಕೂರಿಸಿದ. ನೀವು ನೋಡಬೇಕಾದದ್ದು ಇಷ್ಟೇ: ಪ್ರತಿ ಸಲ ಮುಚ್ಚಳ ಎತ್ತಿ ಹಿಡಿದು ವೆಯ್ಟ್ ಕೂರೋ ತೂತಿನಲ್ಲಿ ಬೆಳಕು ಕಾಣತ್ತಾ ನೋಡಿ. ಕಾಳು ಉಬ್ಬತ್ತೆ, ಹಾಗಾಗಿ ನೀರೂ ಸೇರಿ ಅರ್ಧಕ್ಕಿಂತ ಮೇಲೆ ತುಂಬಬೇಡಿ. ಒತ್ತಡ ತಾನಾಗೇ ಇಳಿಯೋ ತನಕ ಮುಚ್ಚಳಕ್ಕೆ ಕೈ ಹಾಕಬೇಡಿ.

ಗಂಜಿ_ಪ್ರಿಯ:
ಎಣ್ಣೆಗೆ ಬೆಂಕಿ ಹತ್ತಿದ್ರೆ ನೀರು ಹಾಕಬಾರದು ಅಂತಲೂ ಹೇಳಿಬಿಡಿ. ಒಲೆ ಆರಿಸಿ, ತಟ್ಟೆ ಮುಚ್ಚಿ, ಹಾಗೇ ಬಿಡಿ. ಬಾಣಲೆ ಎತ್ಕೊಂಡು ಓಡಬೇಡಿ.

ಸೌಟು_ಸವಿ:
ಸೂಪ್ ಪಾಪ ಅನಾಥವಾಗಿದೆ. ಎರಡೇ ಮಾತು. ಗಟ್ಟಿ ತರಕಾರಿ ಮೊದಲು, ಮೆತ್ತಗಿನದು ಕೊನೆಗೆ. ಉಪ್ಪಿಗಿಂತ ರುಚಿಯಿಲ್ಲ ಅಂತಾರೆ ನಿಜ, ಆದ್ರೆ ಉಪ್ಪು ಸರಿ ಇದ್ರೂ ಸೂಪ್ ಸಪ್ಪೆ ಅನ್ನಿಸಿದ್ರೆ ಬೇಕಾಗಿರೋದು ಹುಳಿ. ಒಂದು ಲೋಟಕ್ಕೆ ಸ್ವಲ್ಪ ಸೂಪ್ ಬಗ್ಗಿಸಿ, ನಾಲ್ಕು ಹನಿ ನಿಂಬೆರಸ ಹಿಂಡಿ, ಪಾತ್ರೆಯಲ್ಲಿರೋದನ್ನೂ ಲೋಟದಲ್ಲಿರೋದನ್ನೂ ಒಂದರ ಹಿಂದೆ ಒಂದು ರುಚಿ ನೋಡಿ. ಆ ವ್ಯತ್ಯಾಸ ನಾಲಿಗೆಗೆ ಸಿಕ್ಕಿತು ಅಂದ್ರೆ ಮುಂದೆ ಯಾವ ಅಡುಗೆ ಎಲ್ಲಿ ಕೈಕೊಟ್ಟಿದೆ ಅಂತ ನೀವೇ ಹೇಳ್ತೀರಿ.

ಹುಬ್ಬಿನ_ಬೆವರು:
ಎಂಟನ್ನೂ ಒಂದ ತಿಂಗಳಿಗೆ ಹಿಡಿಬ್ಯಾಡ್ರಿ ತಂಗಿ. ಅನ್ನ, ಸೂಪು, ಆಲೂಗಡ್ಡಿ, ಮೊಟ್ಟಿ. ಈ ನಾಕ ತಿರುಗಿ ತಿರುಗಿ ಮಾಡ್ರಿ. ಒಂದ ಅಡಿಗಿ ಐದು ಸಲ ಮಾಡಿದಾಕಿ ಕೈ, ಐದು ಅಡಿಗಿ ಒಂದೊಂದ ಸಲ ಮಾಡಿದಾಕಿ ಕೈಗಿಂತ ಗಟ್ಟಿ ಇರತೈತಿ.

ಈರುಳ್ಳಿ_ಕಣ್ಣೀರು:
ನಾನು ಒಂದು ತಿದ್ದುಪಡಿ ಹಾಕ್ತೀನಿ. ಅವಳಿಗೆ ನಿಜವಾಗಿ ಆಸೆ ಇರೋದು ಬ್ರೆಡ್ಡಿನ ಮೇಲೆ, ಮೊದಲ ಸಾಲಲ್ಲೇ ಗೊತ್ತಾಗತ್ತೆ. ಆಸೆ ಇರೋದನ್ನ ಪೂರ್ತಿ ಮೂಲೆಗೆ ತಳ್ಳಿದ್ರೆ ಉತ್ಸಾಹ ಇಳಿದುಹೋಗತ್ತೆ. ಅಮ್ಮ ಬಂದು ಹೋದ ಮೇಲಾದ್ರೂ ಅದಕ್ಕೆ ವಾಪಸ್ ಬರಬೇಕು.

ಗಂಜಿ_ಪ್ರಿಯ:
ಮತ್ತೆ ಅನ್ನ ಉಳಿದ್ರೆ ರಾತ್ರಿಯಿಡೀ ಹೊರಗಿಡಬೇಡಿ. ಅಕ್ಕಿಯಲ್ಲಿರೋ ಒಂದು ಬ್ಯಾಕ್ಟೀರಿಯಾದ ಬೀಜಕ ಕುದಿಸಿದ್ರೂ ಸಾಯಲ್ಲ. ಹೊರಗಿಟ್ಟಾಗ ಬೆಳೆದು ನಂಜು ಬಿಡತ್ತೆ, ಬಿಸಿ ಮಾಡಿದ್ರೂ ಆ ನಂಜು ಹೋಗಲ್ಲ. ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ ಫ್ರಿಜ್ಜಿಗೆ ಹಾಕಿ.

ಹೊಸ_ಬಾಣಲೆ:
ಐದು ವಾರ ಆದ ಮೇಲೆ ಬರೀತಿದ್ದೀನಿ. ಅಮ್ಮ ಬಂದ್ರು, ನಿನ್ನೆ ಹೋದ್ರು.

ಹೇಳಿದ ಹಾಗೇ ನಾಲ್ಕನ್ನೇ ಹಿಡ್ಕೊಂಡೆ. ಅನ್ನ ಇಪ್ಪತ್ತು ಸಲಕ್ಕಿಂತ ಜಾಸ್ತಿ ಮಾಡಿದ್ದೀನಿ. ನನ್ನ ಪಾತ್ರೆಗೆ ಒಂದು ಕಪ್ಪಿಗೆ ಒಂದೂಮುಕ್ಕಾಲು, ಇಬ್ಬರಿಗೆ ಮಾಡುವಾಗ ಎರಡು ಕಪ್ಪಿಗೆ ಮೂರಕ್ಕಿಂತ ಸ್ವಲ್ಪ ಕಮ್ಮಿ. ಸೂಪಿಗೆ ನಿಂಬೆರಸದ ಪರೀಕ್ಷೆ ಮಾಡಿದ ದಿನ ನಾನು ಒಬ್ಬಳೇ ಅಡುಗೆಮನೆಯಲ್ಲಿ ಜೋರಾಗಿ “ಓ” ಅಂದೆ.

ಅಮ್ಮನಿಗೆ ಅಡುಗೆಮನೆಗೆ ಬರಬೇಡ ಅಂತ ಹೇಳಿದ್ದೆ. ಎರಡು ಸಲ ಬಾಗಿಲ ತನಕ ಬಂದು ವಾಪಸ್ ಹೋದ್ರು. ಬಡಿಸಿದಾಗ ತಟ್ಟೆಯಿಂದ ಒಂದು ಅಗುಳು ತಗೊಂಡು ಹೆಬ್ಬೆರಳು, ತೋರುಬೆರಳ ನಡುವೆ ಹಿಸುಕಿ ನೋಡಿದ್ರು. ಚಿಕ್ಕವಳಿದ್ದಾಗಿನಿಂದ ನಾನು ಅವರು ಹಾಗೆ ನೋಡೋದನ್ನ ನೋಡಿದ್ದೀನಿ, ನಾನು ಮಾಡಿದ ಅನ್ನಕ್ಕೆ ಮೊದಲ ಸಲ. ಏನೂ ಹೇಳಲಿಲ್ಲ, ಎರಡನೇ ಸಲ ಹಾಕಿಸಿಕೊಂಡ್ರು. ಆಲೂಗಡ್ಡೆ ಹೇಗೆ ಮಾಡಿದೆ ಅಂತ ಕೇಳಿ ಸೋಡಾದ ಅಳತೆ ಚೀಟಿಯಲ್ಲಿ ಬರ್ಕೊಂಡು ಪರ್ಸಲ್ಲಿ ಇಟ್ಕೊಂಡ್ರು.

ಎಲ್ಲರಿಗೂ ಮನಸಾರೆ ಧನ್ಯವಾದ. ಭಾನುವಾರ ಬ್ರೆಡ್ಡಿಗೆ ಮತ್ತೆ ಕೈ ಹಾಕ್ತೀನಿ. ಅಳತೆ ಹೇಳ್ತೀರಾ?

ಹುಬ್ಬಿನ_ಬೆವರು:
ಕಣ್ಣಾಗ ನೀರ ಬಂತು ತಂಗಿ.

ಕಡಲ_ಉಪ್ಪು:
ಚೀಟಿ ಬರ್ಕೊಂಡ್ರಾ! ಅದಕ್ಕಿಂತ ದೊಡ್ಡ ಬಹುಮಾನ ಎಂತ ಬೇಕು ಮಾರಾಯ್ರೆ.

ನಿಧಾನ_ಉರಿ:
500 ಗ್ರಾಂ ಹಿಟ್ಟು, 325 ಗ್ರಾಂ ನೀರು, 10 ಗ್ರಾಂ ಉಪ್ಪು, 5 ಗ್ರಾಂ ಒಣ ಈಸ್ಟ್. ನೀರನ್ನೂ ತಕ್ಕಡಿಯಲ್ಲೇ ತೂಗಿ, ಕಪ್ ಬೇಡ. ಹಿಟ್ಟು ಎರಡರಷ್ಟು ಆಗೋ ತನಕ ಬಿಡಿ. ಗಡಿಯಾರ ನೋಡಬೇಡಿ, ಹಿಟ್ಟು ನೋಡಿ.

ಹೊಸ_ಬಾಣಲೆ:
ನನ್ನ ತಕ್ಕಡಿ 5 ಗ್ರಾಂ ಸರಿಯಾಗಿ ತೋರಿಸಲ್ಲ. ಚಮಚದಲ್ಲಿ ಎಷ್ಟು?

ನಿಧಾನ_ಉರಿ:
ಒಂದು ಟೀ ಚಮಚ ಮಟ್ಟಸವಾಗಿ ತುಂಬಿದ್ರೆ ಸುಮಾರು 3 ಗ್ರಾಂ. ಒಂದೂವರೆ ಚಮಚ ಹಾಕಿ. ನೀರಿಗೆ ಮೊದಲು ಬೆರಳು ಅದ್ದಿ ನೋಡಿ.